ಪಟೇಲರ ಮನೆಯ ಮೂರು ಮೂಗು

ನಮ್ಮ ಯಜಮಾನರ ಬುದ್ಧಿ ಇದ್ದದ್ದು ತಲೆಯಲ್ಲಲ್ಲ, ಮೂಗಿನಲ್ಲಿ! ತಮಾಷೆಗೆ ಹೇಳುತ್ತಿಲ್ಲ. ತಮಾಷೆ ಮಾಡುವಷ್ಟು ಶಕ್ತಿ ನನ್ನಲ್ಲಿ ಉಳಿದಿಲ್ಲ. ಅವರ ಹೆಸರು ಮಾತ್ರ ಕೇಳಬೇಡಿ. ಗಂಡನ ಹೆಸರು ಬಾಯಲ್ಲಿ ಹೇಳಿದರೆ ಅವರ ಆಯುಸ್ಸು ಕಡಿಮೆಯಾಗುತ್ತದಂತೆ. ಎಷ್ಟೋ ದಿನ ನಾಲಿಗೆಯ ತುದಿಗೆ ಬಂದಿತ್ತು, ಕಷ್ಟಪಟ್ಟು ತಡೆದುಕೊಂಡಿದ್ದೇನೆ! ತೂಬಗೆರೆ ಹತ್ತಿರದ ಒಂದು ಹಳ್ಳಿಯ ಪಟೇಲರು ಅಂದರೆ ಸಾಕು.

ಅವರಿಗೆ ನಶ್ಯವೇ ಉಸಿರು. ಜಗಲಿಯ ಮೇಲೆ ಪಂಚಾಯ್ತಿಗೆ ಕೂತರೆ ಇವನ ಮಾತಿಗೆ ಒಂದು ಚಿಟಿಕೆ, ಅವನ ಮಾತಿಗೆ ಒಂದು ಚಿಟಿಕೆ, ತೀರ್ಪಿಗೆ ಎರಡು. ದೊಡ್ಡದೊಂದು ಸೀನು ಬಂತೆಂದರೆ ತೀರ್ಪು ಬಂತೆಂದು ಜನ ಎದ್ದು ಪಂಚೆ ಕೊಡವಿಕೊಳ್ಳುತ್ತಿದ್ದರು. ಆ ಪುಡಿ ಜಗಲಿಯಲ್ಲೇ ನಿಲ್ಲುತ್ತದೆಯೇ? ಗಾಳಿಯ ಜೊತೆ ನಡುಮನೆ ದಾಟಿ ನನ್ನ ಅಡುಗೆಮನೆಗೆ ಬರುತ್ತಿತ್ತು. ಮದುವೆಯಾಗಿ ಬಂದ ಮೂರನೇ ದಿನ ಸೀನಲು ಶುರು ಮಾಡಿದವಳು ಮೂವತ್ತು ವರ್ಷ ಸೀನಿದೆ. ಒಲೆ ಊದುತ್ತಾ ಸೀನಿದೆ, ಮುದ್ದೆ ತಿರುವುತ್ತಾ ಸೀನಿದೆ, ತೊಟ್ಟಿಲು ತೂಗುತ್ತಾ ಸೀನಿದೆ. ಜಗಲಿಯಿಂದ ‘ಯಾಕೇ?’ ಎಂಬ ಎರಡಕ್ಷರ ಬರಲಿಲ್ಲ. ಅವರ ಹೆಗಲ ಮೇಲಿನ ವಲ್ಲಿಯ ನಶ್ಯದ ಕರೆ ಉಜ್ಜಿ ಉಜ್ಜಿ ತೆಗೆಯುವಾಗ ನಾನು ಬೈದದ್ದೆಲ್ಲ ಒಗೆಯುವ ಕಲ್ಲಿಗೆ ಗೊತ್ತು.

ಇಂಥ ಮನೆಗೆ ಇನ್ನೊಂದು ಮೂಗು ಬಂತು. ಯುದ್ಧ ಮುಗಿದ ಮೇಲೆ ನಂದಿ ಬೆಟ್ಟದ ಬಂಗಲೆಯಲ್ಲಿದ್ದ ಬಿಳಿ ದೊರೆಯೊಬ್ಬ ತನ್ನ ಸೀಮೆಗೆ ಹೊರಟ. ಅವನ ಅಡುಗೆಯವನು ಒಂದು ಮುದಿ ನಾಯಿಗೆ ಹಗ್ಗ ಕಟ್ಟಿ ಬೆಟ್ಟ ಇಳಿಸಿಕೊಂಡು ನಮ್ಮ ಜಗಲಿಗೆ ಬಂದ. ಜೋಲು ಕಿವಿ, ಮೋಟು ಕಾಲು, ಹೆಸರು ಟಾಮಿ, ವಯಸ್ಸು ಹತ್ತರ ಮೇಲೆ.

“ಬೇಟೆ ನಾಯಿ ಸ್ವಾಮಿ. ಕಳ್ಳ ಮೂರು ಮೈಲಿ ಓಡಿದ್ರೂ ವಾಸ್ನೆ ಹಿಡ್ಕೊಂಡು ಹೋಗ್ತದೆ,” ಅಂದ. ಅವನ ಮಾತು ಮುಗಿಯುವಷ್ಟರಲ್ಲಿ ನಾಯಿ ನಾಲ್ಕು ಸಲ ಸೀನಿತು. ಅದರ ಒಂದು ಹೊಳ್ಳೆ ಸುರಿಯುತ್ತಿತ್ತು, ಇನ್ನೊಂದು ಕಟ್ಟಿಕೊಂಡು ಗೊರ ಗೊರ ಅನ್ನುತ್ತಿತ್ತು.

“ಏನಪ್ಪಾ, ನೆಗಡಿ ಆದಂಗೈತಲ್ಲ?” ಅಂದರು ಯಜಮಾನರು.

“ಬೆಟ್ಟದ ಚಳಿ ಸ್ವಾಮಿ. ಕೆಳಕ್ಕೆ ಬಂದ್ಮೇಲೆ ಹೋಗ್ತದೆ.”

ನೆಗಡಿ ಹೋಗಲಿಲ್ಲ. ಹೋದವನು ಅಡುಗೆಯವನು!

ಕಳ್ಳನನ್ನು ಹಿಡಿಯುವ ಯೋಗವೂ ಬೇಗ ಬಂತು. ಪಕ್ಕದ ಮನೆ ಹೊನ್ನಮ್ಮನ ತಾಮ್ರದ ಬಿಂದಿಗೆ ಕಾಣೆಯಾಯಿತು. ಯಜಮಾನರು ಜಗಲಿಯ ಮೇಲೆ ಮೀಸೆ ತಿರುವಿ ಕೂತು, ತಳವಾರನ ಕೈಗೆ ಹಗ್ಗ ಕೊಟ್ಟು, “ಬಿಡ್ಲಾ ಅದನ್ನ, ತೋರಿಸ್ಲಿ ಊರಿಗೆ,” ಅಂದರು. ಟಾಮಿ ಬಿಂದಿಗೆ ಇಟ್ಟಿದ್ದ ಜಾಗವನ್ನು ಮೂಸಿತು, ಸೀನಿತು, ಹೊರಟಿತು. ಹಿಂದೆ ಅರ್ಧ ಊರು! ಅರಳಿಕಟ್ಟೆ ಸುತ್ತಿತು, ಕೇರಿ ಕೇರಿ ತಿರುಗಿತು, ಯಾರ ಬಾಗಿಲ ಮುಂದೆ ನಿಂತರೂ ಆ ಮನೆಯವರ ಎದೆ ಹಾರುತ್ತಿತ್ತು. ಕೊನೆಗೆ ನೇರವಾಗಿ ನಮ್ಮ ಜಗಲಿಗೆ ಬಂದು ಯಜಮಾನರ ಮೊಣಕಾಲಿಗೆ ಹಣೆ ಒತ್ತಿ ಕೂತುಬಿಟ್ಟಿತು. ಪಾಪ, ಆ ಕಟ್ಟಿದ ಮೂಗಿಗೆ ಹತ್ತುತ್ತಿದ್ದದ್ದು ನಶ್ಯದ ವಾಸನೆ ಒಂದೇ.

ಹೊನ್ನಮ್ಮ ಸೊಂಟಕ್ಕೆ ಕೈಯಿಟ್ಟು, “ಪಟೇಲ್ರೇ, ನನ್ ಬಿಂದ್ಗೆ ಕೊಟ್ಬುಡಿ,” ಅಂದಳು.

ಬಿಂದಿಗೆ ಮಾರನೇ ದಿನ ಅವಳ ಬಾವಿಯಲ್ಲೇ ಸಿಕ್ಕಿತು. ಬೇರೆ ಯಾರಾದರೂ ಆಗಿದ್ದರೆ ನಾಯಿಯನ್ನು ಅವತ್ತೇ ಬೆಟ್ಟ ಹತ್ತಿಸುತ್ತಿದ್ದರು. ಇವರು ಎದೆ ಉಬ್ಬಿಸಿಕೊಂಡು, “ನೋಡಿದ್ಯೇನೇ? ಊರೆಲ್ಲಾ ಬಿಟ್ಟು ನನ್ನನ್ನೇ ಹುಡುಕ್ಕೊಂಡು ಬಂತು!” ಅಂದರು.

ಅಲ್ಲಿಂದ ನನ್ನ ಪಾಡು ಶುರುವಾಯಿತು. ವಾಸನೆ ಹತ್ತದ ನಾಯಿಗೆ ಹಸಿವೂ ಹತ್ತುವುದಿಲ್ಲವಂತೆ. ಆರಿದ ಮುದ್ದೆ ಮುಂದಿಟ್ಟರೆ ಟಾಮಿ ಅದನ್ನು ಕಲ್ಲೆಂದುಕೊಂಡು ಪಕ್ಕದಲ್ಲೇ ಮಲಗುತ್ತಿತ್ತು. ಸರಿ, ಮೂಳೆ ಸಾರು ಕುದಿಸಿ, ಹಬೆ ಏಳುವಾಗ ಮುದ್ದೆ ನುರಿದು, ಮೂಗಿನ ಹತ್ತಿರ ಹಿಡಿಯಬೇಕು. ಅದು ಮುಖ ತಿರುಗಿಸಿದರೆ ಇನ್ನೊಮ್ಮೆ ಬಿಸಿ ಮಾಡಬೇಕು. ನಾಯಿಯ ಸಾರು ಮೂರು ಸಲ ಕುದಿಯುವಷ್ಟರಲ್ಲಿ ನನ್ನ ಸಾರು ಮಂಜಾಗಿರುತ್ತಿತ್ತು. ಬೆಳಿಗ್ಗೆ ಎದ್ದರೆ ಬೆಚ್ಚನೆ ಉಪ್ಪುನೀರಿನಲ್ಲಿ ಮೂಗು ಒರೆಸುವವಳು ನಾನು, ಒರೆಸಿದ ಬಟ್ಟೆ ಒಗೆಯುವವಳು ನಾನು, ಅದು ಗೋಡೆಗೆ ಸೀನಿದ್ದನ್ನು ಸಾರಿಸುವವಳು ನಾನು. ಯಜಮಾನರ ಕೆಲಸ ಒಂದೇ: “ಇವತ್ತು ಎಡಗಡೆ ಸ್ವಲ್ಪ ಬಿಟ್ಟೈತೆ ಕಣೇ,” ಎಂದು ವರದಿ ಒಪ್ಪಿಸುವುದು!

ಆರು ತಿಂಗಳಾದರೂ ವಾಸಿಯಾಗದಿದ್ದಾಗ ದೊಡ್ಡಬಳ್ಳಾಪುರದ ದನದ ಡಾಕ್ಟರ ಹತ್ತಿರ ಹೊರಟರು. ನಾನೂ ಅಲ್ಲೇ ಇದ್ದ ತಂಗಿಯ ಮನೆಗೆ ಹೋಗುವುದಿತ್ತು, ಗಾಡಿ ಹತ್ತಿದೆ. ನನ್ನನ್ನು ಬಾಣಂತನಕ್ಕೆ ಕಳಿಸುವಾಗ ಬರೀ ಹುಲ್ಲು ಹಾಸಿದ್ದ ಗಾಡಿ ಅದು. ಈಗ ಹುಲ್ಲು, ಹುಲ್ಲಿನ ಮೇಲೆ ಚಾಪೆ, ಚಾಪೆಯ ಮೇಲೆ ನನ್ನದೇ ಹಳೇ ಸೀರೆ, ಅದರ ಮೇಲೆ ಟಾಮಿ. ನಾನು ಅಂಚಿನಲ್ಲಿ.

ಆಸ್ಪತ್ರೆಯಲ್ಲಿ ಕಾಂಪೌಂಡರು ಪುಸ್ತಕದಿಂದ ತಲೆ ಎತ್ತದೆ, “ಎಷ್ಟನೇ ಕರು?” ಅಂದ. ಡಾಕ್ಟರು ನಾಯಿಯ ಮೂಗನ್ನು ಬಗ್ಗಿ ನೋಡಿದರು, ಎದ್ದು ಯಜಮಾನರ ಮೂಗನ್ನು ನೋಡಿದರು. ಅಷ್ಟರಲ್ಲಿ ಯಜಮಾನರು ಯೋಚನೆಯಲ್ಲಿ ನಶ್ಯದ ಡಬ್ಬಿ ತೆಗೆದರು. ಟಾಮಿ ಏಳು ಸಲ ಸೀನಿತು. ಕಾಂಪೌಂಡರು ಸೀನಿದ, ಡಾಕ್ಟರು ಸೀನಿದರು, ಕಂಬದ ಮರೆಯಲ್ಲಿ ನಿಂತಿದ್ದ ನಾನೂ ಸೀನಿದೆ.

“ಪಟೇಲ್ರೇ, ಇದು ಹಳೇ ರೋಗ, ಮುದಿ ಮೂಗು. ಪೂರ್ತಿ ವಾಸಿ ಆಗಲ್ಲ,” ಅಂದರು ಡಾಕ್ಟರು ಕಣ್ಣೊರೆಸಿಕೊಂಡು. “ದಿನಾ ಹಬೆ ಕೊಡಿ. ಮೂಗಿಗೆ ಬೆಣ್ಣೆ ಸವರಿ. ಆದ್ರೆ ಈ ಡಬ್ಬಿ ನಿಮ್ಮ ಕೈಲಿರೋವರ್ಗೂ ಅದಕ್ಕೆ ಉಸಿರಾಡೋಕೆ ಬಿಡಲ್ಲ.”

ವಾಪಸ್ಸು ಬರುವಾಗ ಯಜಮಾನರು ತೂಬಗೆರೆ ಕೆರೆ ಏರಿಯ ಮೇಲೆ ಗಾಡಿ ನಿಲ್ಲಿಸಿದರು, ಇಳಿದರು, ಡಬ್ಬಿಯಲ್ಲಿದ್ದದ್ದನ್ನೆಲ್ಲ ನೀರಿಗೆ ಸುರಿದರು, ಹತ್ತಿ ಕೂತರು. ಅಷ್ಟೇ! ಅವರ ತಾಯಿ ಸಾಯುವಾಗ ಕೇಳಿಕೊಂಡಿದ್ದರೂ ಬಿಡದ ನಶ್ಯ!

ಖಾಲಿ ಡಬ್ಬಿಗೆ ಟಾಮಿಯ ಬೆಣ್ಣೆ ಬಂತು. ಹದಿನೈದು ದಿನದ ಮೇಲೆ ಗಡಿಕಲ್ಲಿನ ಜಗಳವೊಂದು ಜಗಲಿಗೆ ಬಂದಾಗ, ವಾದ ಜೋರಾಗಿ, ಯಜಮಾನರು ಅಭ್ಯಾಸಬಲದಿಂದ ಸೊಂಟದ ಡಬ್ಬಿ ತೆಗೆದು, ಒಂದು ಚಿಟಿಕೆ ಬೆಣ್ಣೆಯನ್ನು ಗಂಭೀರವಾಗಿ ಮೂಗಿಗೆ ಏರಿಸಿದರು. ಸೀನಿಗಾಗಿ ಎರಡೂ ಕಡೆಯವರು ಕಾದರು, ಕಾದರು. ಸಾಕಾಗಿ ತಾವೇ ರಾಜಿ ಮಾಡಿಕೊಂಡು ಎದ್ದು ಹೋದರು!

ಹಬೆಯ ಕಥೆ ಇನ್ನೊಂದು. ಕಂಬಳಿಯೊಳಗೆ ಟಾಮಿ ಒಂದೇ ಕೂರದು. ಅದಕ್ಕೆ ಯಜಮಾನರೂ ಒಳಗೆ. ನಾನು ನೀಲಗಿರಿ ಸೊಪ್ಪು ಹಾಕಿ ಕುದಿಸಿದ ನೀರನ್ನು ಪಾತ್ರೆಗೆ ಸುರಿದು, ಕಂಬಳಿಯ ಅಂಚು ಎತ್ತಿ ಒಳಗೆ ತಳ್ಳಬೇಕು. ಒಂದು ಬೆಳಿಗ್ಗೆ ಕಂದಾಯದ ಶೇಕದಾರರು ಸರ್ಕಾರಿ ಕಾಗದ ಹಿಡಿದು ಬಂದರು. ಪಡಸಾಲೆಯಲ್ಲಿ ಹೊಗೆಯಾಡುವ ಕಂಬಳಿ ಗುಡ್ಡೆ. “ಕೂತ್ಕೊಳಿ ಸ್ವಾಮಿ, ಬಂದೆ,” ಅಂತ ಗುಡ್ಡೆ ಮಾತಾಡಿತು. ಯಾವ ತುದಿಗೆ ನಮಸ್ಕಾರ ಮಾಡುವುದೆಂದು ಶೇಕದಾರರಿಗೆ ತಿಳಿಯಲಿಲ್ಲ. ಒಂದು ತುದಿಗೆ ಕೈಮುಗಿದರು. ಆ ತುದಿಯಿಂದ ಬಾಲ ಹೊರಬಂದು ಆಡಿತು.

ನಶ್ಯ ನಿಂತಮೇಲೆ ಟಾಮಿಯ ಸೀನು ಅರ್ಧಕ್ಕರ್ಧ ಇಳಿಯಿತು. ಊರೆಲ್ಲ ಅದನ್ನೇ ಮಾತಾಡಿಕೊಂಡಿತು. ನನ್ನ ಸೀನು ಪೂರ್ತಿ ನಿಂತೇಹೋಯಿತು. ಅದನ್ನು ಯಾರು ಗಮನಿಸಿದರು? ಮೂವತ್ತು ವರ್ಷದ ಸೀನು ಸ್ವಾಮೀ! ಒಂದು ದಿನವಾದರೂ ಈ ಮನುಷ್ಯ ‘ಏನೇ, ಮನೆ ನಿಶ್ಶಬ್ದವಾಗಿದೆಯಲ್ಲ’ ಅನ್ನಬಾರದೇ? ಹಗಲೆಲ್ಲ ಅದೇ ಯೋಚನೆ ಬರುತ್ತಿತ್ತು. ನನಗಾಗಿ ಬಿಡದ್ದನ್ನು ನಾಯಿಗಾಗಿ ಬಿಟ್ಟರು. ಈ ಮನೆಯಲ್ಲಿ ನನ್ನ ಸ್ಥಾನ ಗಾಡಿಯ ಅಂಚಿನದೇ ಇರಬೇಕು ಅನಿಸುತ್ತಿತ್ತು.

ಒಂದು ಬೆಳಿಗ್ಗೆ ಹಬೆ ಕೊಡುವಾಗ ಕಂಬಳಿಯೊಳಗೆ ಟಾಮಿ ಒಂದೇ ಒಂದು ಸಲ ಸೀನಿತು. “ಅಯ್ಯೋ ಕಂದಾ, ಏನಾಯ್ತೋ?” ಅಂದರು ಯಜಮಾನರು. ಆ ‘ಕಂದಾ’ ಕೇಳಿ ನನಗೆ ತಡೆಯಲಾಗಲಿಲ್ಲ. ಪಾತ್ರೆಯನ್ನು ದಡಕ್ಕನೆ ಕೆಳಗಿಟ್ಟೆ.

“ಮೂವತ್ತು ವರ್ಷದಿಂದ ನಾನು ಸೀನಿದೀನಿ. ಒಂದಿನ ಕೇಳಿದ್ರಾ? ನಾಯಿ ಆರು ತಿಂಗಳು ಸೀನ್ತು, ನಶ್ಯ ತಗೊಂಡೋಗಿ ಕೆರೆಗೆ ಸುರಿದ್ಬುಟ್ರಿ. ನಂದು ಮೂಗಲ್ವಾ?”

ಕಂಬಳಿಯ ಅಂಚು ಎತ್ತಿಕೊಂಡು ಬೆವರು ಸುರಿಯುವ ಮುಖ ಹೊರಬಂತು.

“ನೀನು ಸೀನ್ತಿದ್ದದ್ದೂ ನಶ್ಯಕ್ಕೇನಾ?”

“ಇನ್ಯಾತಕ್ಕೆ?”

“ಕೇಳಿದ್ನಲ್ಲೇ ನಾನು! ನೀನು ಬಂದ ಹೊಸದ್ರಲ್ಲಿ, ಬಾವಿ ತಾವ ನಿಲ್ಲಿಸಿ ಕೇಳಿದ್ದೆ. ಏನಿಲ್ಲ, ಒಣಮೆಣಸಿನಕಾಯಿ ಘಾಟು ಅಂದೆ. ಅದಕ್ಕೇ ಅಲ್ವಾ ಅವತ್ತಿನಿಂದ ಮನೆ ತಾವ ಮೆಣಸಿನಕಾಯಿ ಒಣಹಾಕಕ್ಕೆ ಬಿಟ್ಟಿಲ್ಲ? ಆಮೇಲೂ ಸೀನ್ತಿದ್ದೆ. ಊರೋರೆಲ್ಲಾ ಕುಟ್ಟೋದು ಗಾಳೀಲಿ ಬರ್ತದೇನೋ ಅಂದ್ಕೊಂಡೆ. ಊರ್ನೆಲ್ಲಾ ಎಲ್ಲಿಗೆ ಕಳಿಸ್ಲಿ?”

ನಾನು ನಿಂತಲ್ಲೇ ಕೂತೆ. ಹೌದು. ಊರಿನಲ್ಲಿ ಎಲ್ಲರ ಮೆಣಸಿನಕಾಯಿ ಅಂಗಳದಲ್ಲಿ ಒಣಗಿ ಮನೆಯೊಳಗೆ ಪುಡಿಯಾಗುತ್ತಿತ್ತು. ನಮ್ಮದು ಮಾತ್ರ ತೋಟದ ಬಂಡೆಯ ಮೇಲೆ ಒಣಗಿ, ಅಲ್ಲೇ ಪುಡಿಯಾಗಿ, ಬಾಯಿಗೆ ಬಟ್ಟೆ ಕಟ್ಟಿದ ಮಡಕೆಯಲ್ಲಿ ಮನೆಗೆ ಬರುತ್ತಿತ್ತು. ಪಟೇಲರ ದೌಲತ್ತು ಎಂದು ಹೆಂಗಸರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಹದಿನಾರು ವರ್ಷದ ಹೊಸ ಸೊಸೆ, ಗಂಡನ ನಶ್ಯ ಆಗುವುದಿಲ್ಲ ಎಂದು ಹೇಗೆ ಹೇಳಿಯೇನು? ಬಾಯಿಗೆ ಬಂದದ್ದು ಹೇಳಿ ಕೊಡ ಎತ್ತಿಕೊಂಡು ಓಡಿರಬೇಕು. ನಾನು ಅದನ್ನು ಅವತ್ತೇ ಮರೆತೆ. ಅವರು ಮೂವತ್ತು ವರ್ಷ ಮರೆಯಲಿಲ್ಲ. ಜಗಲಿಯ ಮೇಲೆ ನಶ್ಯ ಏರಿಸುತ್ತಾ ಕೂತು, ನನ್ನ ಮೂಗನ್ನು ಮೆಣಸಿನಕಾಯಿಯಿಂದ ಕಾಯುತ್ತಿದ್ದರು!

ನಗು ಬರಬೇಕಿತ್ತು. ಅಳು ಬಂತು. ನನ್ನ ಗಂಡ ಎಂದು ಅವರ ಮೇಲೆ ಅಷ್ಟು ಪ್ರೀತಿ ನನಗೆ ಹಿಂದೆಂದೂ ಬಂದಿರಲಿಲ್ಲ.

“ಯಾಕೇ, ನೀಲಗಿರಿ ಘಾಟಾ?” ಎಂದು ಕೇಳಿದರು, ಗಾಬರಿಯಿಂದ.

“ಅಲ್ಲ,” ಅಂದೆ. “ಇಲ್ಲಿ ಕೇಳಿ, ಹೇಳ್ತೀನಿ.”

ಅವರು ಟಾಮಿಯನ್ನು ಆಚೆಗೆ ಸರಿಸಿ ನನಗೆ ಜಾಗ ಮಾಡಿದರು.