ಬಾಪ್ಪುವಿನ ಕ್ರಾಫಿಶ್ ಜಪ

ಸಿಂಕಿನ ಮುಂದೆ ನಿಂತು ಬಂಗುಡೆಯ ಹೊಟ್ಟೆ ಬಿಡಿಸುತ್ತಿದ್ದೆ. ಎರಡೂ ಕೈಗೆ ಮೀನು. ಫೋನು ಬಡಿದುಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಮುಹೂರ್ತ ಎಲ್ಲಿದೆ ಹೇಳಿ? ಮೊಣಕೈಯಿಂದ ಒತ್ತಿ ಸ್ಪೀಕರಿಗೆ ಹಾಕಿದೆ.

“ಬಾಯೆ, ನನ್ನ ವೀಸಾ ಈಗ ಒಂದು ಪಾತ್ರೆಯೊಳಗೆ ಉಂಟು” ಎಂದರು ಬಾಪ್ಪು.

ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಗಾಬರಿಯಾಗುತ್ತಿದ್ದೆ. ಬಾಪ್ಪು ಎಂದರೆ ನನ್ನ ಗಂಡನ ಚಿಕ್ಕಪ್ಪ. ನಮ್ಮ ಕೊಂಕಣಿಯಲ್ಲಿ ಚಿಕ್ಕಪ್ಪನನ್ನು ಹಾಗೆ ಕರೆಯುತ್ತೇವೆ, ಮನೆಯ ಹೆಣ್ಣುಮಕ್ಕಳನ್ನು ‘ಬಾಯೆ’ ಎಂದು. ಗಡಿಯಾರವನ್ನು ನಂಬದೆ ಜಪಮಾಲೆ ಹಿಡಿದು ಅಡುಗೆ ಮಾಡುವ ಇನ್ನೊಬ್ಬ ಬಾಣಸಿಗ ಈ ಭೂಮಿಯ ಮೇಲಿದ್ದರೆ ಕರೆದುಕೊಂಡು ಬನ್ನಿ, ಆ ಮಹಾತ್ಮನಿಗೆ ನನ್ನ ಕೈಯಾರೆ ಬಂಗುಡೆ ಪುಳಿಮುಂಚಿ ಬಡಿಸುತ್ತೇನೆ!

ಮದುವೆಯಾಗದ ಬಾಪ್ಪು ಅಬುಧಾಬಿಯ ಮುಸಫ್ಫಾದಲ್ಲಿ ಒಂದು ಎಣ್ಣೆ ಕಂಪನಿಯ ಕ್ಯಾಂಪಿನ ಮೆಸ್ಸಿಗೆ ಕುಕ್. ಇಪ್ಪತ್ತಾರು ವರ್ಷಗಳಿಂದ ಇನ್ನೂರು ಜನರ ಹೊಟ್ಟೆ ಅವರ ಸುಪರ್ದಿನಲ್ಲಿ. ಈಗ ಅರವತ್ತು ತುಂಬಿದೆ. ವೀಸಾ ಮುಂದುವರಿಯಬೇಕಾದರೆ ಹೊಸ ಅಮೆರಿಕನ್ ಸಾಹೇಬ ‘ಈ ಮನುಷ್ಯ ನಮಗೆ ಬೇಕು’ ಎಂದು ಸಹಿ ಹಾಕಬೇಕು. ಆ ಸಾಹೇಬನ ಊರಿನಲ್ಲಿ ಕ್ರಾಫಿಶ್ ಎಂದರೆ ಪ್ರಾಣವಂತೆ. ಸಿಗಡಿಗೆ ಏಡಿಯ ಕೈ ಅಂಟಿಸಿದಂತೆ ಕಾಣುವ ಸಿಹಿನೀರಿನ ಪ್ರಾಣಿ ಅದು. ಹಿಂದಿನ ಸಾಹೇಬನೂ ಅದೇ ಊರಿನವನು. ಅವನೇ ಬಾಪ್ಪುವಿಗೆ ಅದನ್ನು ಬೇಯಿಸುವ ವಿದ್ಯೆ ಕಲಿಸಿದ್ದ.

“ಶನಿವಾರ ಮಧ್ಯಾಹ್ನ ಮಾಡಿ ತೋರಿಸು, ತಿಂದು ನೋಡಿ ಹೇಳ್ತೇನೆ ಅಂದ. ಸರಿ ಬಂದ್ರೆ ಎರಡು ವರ್ಷ. ಇಲ್ಲದಿದ್ರೆ ಖಲಾಸ್, ಟಿಕೆಟ್ ಕೊಟ್ಟು ಊರಿಗೆ.”

“ಊರಲ್ಲಿ ಆರಾಮಾಗಿ ಇರಬಹುದಲ್ವಾ ಬಾಪ್ಪು?”

“ಊರಲ್ಲಿ ನಾನು ಯಾರಿಗೆ ಅಂತ ಅಡುಗೆ ಮಾಡ್ಲಿ ಮಾರಾಯ್ತಿ? ಒಬ್ಬನಿಗೆ ಅನ್ನ ಇಡ್ಲಿಕ್ಕೆ ನಂಗೆ ಬರುದಿಲ್ಲ. ಸಣ್ಣ ಪಾತ್ರೆ ಹಿಡಿದ ಕೈಯಲ್ಲ ಇದು.”

ಅದು ನಿಜ. ಬಾಪ್ಪು ನಮ್ಮ ಮನೆಗೆ ಬಂದು ಚಹಾ ಮಾಡಿದರೂ ಅಬುಧಾಬಿಯ ಪಕ್ಕದೂರಿನಲ್ಲಿರುವ ನಮ್ಮ ಡಿಸ್ಕವರಿ ಗಾರ್ಡನ್ಸ್ ಕಟ್ಟಡಕ್ಕಿಡೀ ಸಾಕಾಗುತ್ತದೆ.

ಶುಕ್ರವಾರ ಅವರಿಗೆ ರಜೆ. ನಮ್ಮ ಮನೆಯಲ್ಲೇ ರಿಹರ್ಸಲ್ ಎಂದು ನಿರ್ಧಾರವಾಯಿತು. ನಮ್ಮನ್ನು ಯಾರು ಕೇಳಿದರು? ಬೆಳಿಗ್ಗೆ ಹತ್ತಕ್ಕೆಲ್ಲ ಬಾಪ್ಪು ಬಾಗಿಲಲ್ಲಿ ಹಾಜರ್. ಬೆನ್ನ ಮೇಲೆ ಒದ್ದೆ ಗೋಣಿ. ಗೋಣಿಯೊಳಗಿಂದ ಪರಪರ ಕೆರೆಯುವ ಸದ್ದು.

“ಇದನ್ನು ಹಿಡ್ಕೊಂಡು ಬಸ್ಸಲ್ಲಿ ಬಂದ್ರಾ?”

“ಹೌದು. ಒಳಗೆ ಎಂತ ಅಂತ ಡ್ರೈವರ್ ಕೇಳಿದ. ಬಸಳೆ ಅಂದೆ.”

“ಬಸಳೆ ಅಲ್ಲಾಡ್ತದಾ ಬಾಪ್ಪು?”

“ಅವ ಪೇಶಾವರದವ. ಬಸಳೆ ಎಲ್ಲಿ ನೋಡಿದ್ದಾನೆ?”

ಮುಂದಿನ ಭಾನುವಾರ ಪಾಪನಿವೇದನೆಗೆ ಹೋದಾಗ ಬಸಳೆಯನ್ನೂ ಸೇರಿಸಿಕೊಳ್ಳಿ ಎಂದೆ. “ಅದು ಅಡುಗೆಯ ಸುಳ್ಳು, ಅದಕ್ಕೆ ಲೆಕ್ಕ ಇಲ್ಲ” ಎಂದರು. ಯಾವ ಫಾದರ್ ಹೇಳಿಕೊಟ್ಟರೋ!

ಗೋಣಿ ನೇರ ನಮ್ಮ ಬಾತ್‌ಟಬ್ಬಿಗೆ ಸುರಿಯಲ್ಪಟ್ಟಿತು. ಒಂದು ನೀರು, ಎರಡು ನೀರು, ಆರು ನೀರು. ಕೆಸರು ಹೋಗಿ ನೀರು ತಿಳಿಯಾಗುವವರೆಗೂ ತೊಳೆಯಬೇಕಂತೆ. “ಉಪ್ಪುನೀರಲ್ಲಿಟ್ರೆ ಹೊಟ್ಟೆ ಕ್ಲೀನಾಗ್ತದೆ ಅಂತ ಕೆಲವರು ಹೇಳ್ತಾರೆ, ನಂಬಬೇಡ. ಅದು ಉಪ್ಪಲ್ಲಿ ಸಾಯ್ತದೆ ಅಷ್ಟೇ. ಸತ್ತದ್ದು ಪಾತ್ರೆಗಿಲ್ಲ.” ಹೀಗೆ ಉಪದೇಶ ನಡೆಯುತ್ತಿರುವಾಗ ಹೊರಗಿನಿಂದ ಎಂಟು ವರ್ಷದ ನನ್ನ ಮಗಳ ಚೀರಾಟ ಕೇಳಿಸಿತು: “ಮಮ್ಮೀ, ದೇರ್ ಈಸ್ ಸಮ್‌ಥಿಂಗ್ ಇನ್ ಮೈ ಶೂ!”

ತಪ್ಪಿಸಿಕೊಂಡದ್ದು ಒಂದೇ, ಅದೂ ಮನೆಯ ಒಳಗೇ ಸಿಕ್ಕಿತು. ಕಾಲು ಹಾಕುವ ಮೊದಲು ಅವಳು ಶೂ ಒಳಗೆ ನೋಡಿದಳು. ದೇವರ ದಯೆ ಎಂದರೆ ಇನ್ನೇನು? ನನ್ನ ಗಂಡ ಮಾತ್ರ ಸೋಫಾದ ಮೇಲೆ ಕಾಲೆತ್ತಿ ಕುಳಿತು, “ಬಾಪ್ಪು, ನಿಮ್ಮ ವೀಸಾ ಉಳೀತದೋ ಇಲ್ಲವೋ, ನಮ್ಮ ಫ್ಲ್ಯಾಟ್ ಉಳಿಸಿ!” ಎಂದು ಗೋಗರೆಯುತ್ತಿದ್ದರು.

ಇನ್ನು ಬೇಯಿಸುವ ವಿಚಾರ. ಕ್ರಿಸ್ಮಸ್ಸಿಗೆ ಹಂದಿಮಾಂಸ ಬೇಯಿಸಲು ಊರಿನಿಂದ ತಂದ ನನ್ನ ದೊಡ್ಡ ಹಂಡೆ ಒಲೆಗೇರಿತು. ಬಾಪ್ಪು ಅದರ ಮುಂದೆ ಶಿಲುಬೆಯ ಗುರುತು ಮಾಡಿಕೊಂಡು, “ದೇವರೇ, ಇವುಗಳ ಜೀವ ತೆಗೀತಾ ಇದ್ದೇನೆ, ಹಸಿದವರಿಗೋಸ್ಕರ” ಎಂದು ಕ್ಷಮೆ ಕೇಳಿದರು. ಆಮೇಲೆ ಉಪ್ಪು, ಅಡ್ಡಕ್ಕೆ ಸೀಳಿದ ಇಡೀ ಬೆಳ್ಳುಳ್ಳಿ ಗಡ್ಡೆಗಳು, ಹಿಂಡಿದ ಲಿಂಬೆ ಸಿಪ್ಪೆ ಸಮೇತ, ಪಲಾವ್ ಎಲೆ. ಅಮೆರಿಕದ ಮಸಾಲೆ ಪ್ಯಾಕೆಟ್ಟು ಅರ್ಧ. ಉಳಿದರ್ಧಕ್ಕೆ? ಅಂಗಿಯ ಜೇಬಿನಿಂದ ಬಾಪ್ಪು ಒಂದು ಪೊಟ್ಟಣ ತೆಗೆದರು. ಬಫಾತ್ ಪುಡಿ! ನಮ್ಮ ಮಂಗಳೂರು ಕ್ರೈಸ್ತರ ಅಡುಗೆಮನೆಯಲ್ಲಿ ಮೆಣಸು, ಕೊತ್ತಂಬರಿ, ಜೀರಿಗೆ, ಅರಿಶಿನ ಸೇರಿದ ಆ ಕೆಂಪು ಪುಡಿ ಇಲ್ಲದೆ ಹಬ್ಬವಿಲ್ಲ. ಹಿಂದಿನ ಸಾಹೇಬನಿಗೆ ಈ ಗುಟ್ಟು ಕಡೆಯವರೆಗೂ ತಿಳಿಯಲಿಲ್ಲವಂತೆ.

“ಹಬೆ ಮೂಗಿಗೆ ಹೋದ್ರೆ ಕೆಮ್ಮು ಬರ್ಬೇಕು. ಬರದಿದ್ರೆ ಮಸಾಲೆ ಸಾಲದು.”

ನಾನು, ಗಂಡ, ಮಕ್ಕಳಿಬ್ಬರು, ನಾಲ್ವರೂ ಕೆಮ್ಮಿದೆವು. ಪಕ್ಕದ ಫ್ಲ್ಯಾಟಿನವರೂ ಕೆಮ್ಮಿದ್ದು ಕೇಳಿಸಿತು. ಬಾಪ್ಪುವಿಗೆ ತೃಪ್ತಿಯಾಯಿತು.

ಮೊದಲು ಬಟಾಟೆ, ಅದು ಅರೆಬೆಂದ ಮೇಲೆ ತೂತಿನ ಬುಟ್ಟಿಯಲ್ಲಿ ಕ್ರಾಫಿಶ್ ಇಳಿಸಬೇಕು. ನೀರು ಮತ್ತೆ ಕುದಿ ಬಂದಲ್ಲಿಂದ ಮೂರೇ ನಿಮಿಷ. ಆಮೇಲೆ ಒಲೆ ಆಫ್. ಫ್ರೀಜರಿನ ಮುಸುಕಿನಜೋಳ ಹಾಕಿದರೆ ನೀರಿನ ಕಾವು ತುಸು ಇಳಿಯುತ್ತದೆ. ಹಾಗೆಯೇ ಇಪ್ಪತ್ತು ನಿಮಿಷ ನೆನೆಯಲು ಬಿಟ್ಟರೆ ಮಸಾಲೆಯೆಲ್ಲ ಚಿಪ್ಪಿನೊಳಗೆ ಹೋಗುತ್ತದೆ. “ಕುದಿಯೋದು ಬೇಯ್ಲಿಕ್ಕೆ, ನೆನೆಯೋದು ರುಚಿಗೆ. ಇಪ್ಪತ್ತಕ್ಕಿಂತ ಕಡಿಮೆಯಾದ್ರೆ ಆಸ್ಪತ್ರೆ ಊಟ. ಜಾಸ್ತಿಯಾದ್ರೆ ಆಸ್ಪತ್ರೆಗೇ ಹೋಗ್ಬೇಕು.”

ಆ ಇಪ್ಪತ್ತು ನಿಮಿಷವನ್ನು ಅಳೆಯುವುದು ಹೇಗೆ? ಮೈಕ್ರೋವೇವಿನಲ್ಲಿ ಗಡಿಯಾರವಿದೆ, ಎಲ್ಲರ ಕೈಯಲ್ಲೂ ಫೋನಿದೆ. ಊಹೂಂ! ಫೋನಿನ ಬ್ಯಾಟರಿ ಸಾಯುತ್ತದೆ, ಗಡಿಯಾರ ನಿಲ್ಲುತ್ತದೆ, ಆದರೆ ತೇರ್ಸ್ ಮಾತ್ರ ಬಾಪ್ಪುವಿನ ಅಮ್ಮನ ಕಾಲದಿಂದಲೂ ಇಪ್ಪತ್ತೇ ನಿಮಿಷ. ತೇರ್ಸ್ ಎಂದರೆ ಜಪಮಾಲೆಯ ಪ್ರಾರ್ಥನೆ. ಹತ್ತು ಮಣಿಗಳಂತೆ ಐದು ಸುತ್ತು. ಒಬ್ಬರು ಅರ್ಧ ಹೇಳಬೇಕು, ಉಳಿದವರು ಮಿಕ್ಕಿದ್ದನ್ನು ಒಪ್ಪಿಸಬೇಕು. ಐದನೆಯ ಸುತ್ತಿನ ಕೊನೆಯ ಮಣಿಗೆ ಬುಟ್ಟಿ ಮೇಲೆ.

ಸರಿ, ಹಂಡೆಯ ಸುತ್ತ ಮೊಣಕಾಲೂರಿದೆವು. ನಾನು ಕೊಂಕಣಿಯಲ್ಲಿ ನಿಧಾನವಾಗಿ ಹೇಳಿದರೆ ಮಕ್ಕಳಿಬ್ಬರೂ ಇಂಗ್ಲಿಷಿನಲ್ಲಿ ಮೆಟ್ರೋ ರೈಲಿನ ವೇಗದಲ್ಲಿ ಮುಗಿಸುತ್ತಿದ್ದರು. ಹದಿಮೂರು ನಿಮಿಷಕ್ಕೆ ಐದೂ ಸುತ್ತು ಖಲಾಸ್! ಪೇಪರ್ ಹಾಸಿ ಸುರಿದು, ಬಾಲ ಮುರಿದು ತಿಂದೆವು. ಮೆತ್ತಗಿತ್ತು, ಆದರೆ ಖಾರ ಹೊರಗೇ ನಿಂತಿತ್ತು.

“ಈ ಇಂಗ್ಲಿಷ್ ಪ್ರಾರ್ಥನೆಯಲ್ಲಿ ಏನೂ ಬೇಯುದಿಲ್ಲ” ಎಂದು ಬಾಪ್ಪು ತೀರ್ಪು ಕೊಟ್ಟರು. “ನಾಳೆ ನೀನೇ ಫೋನಲ್ಲಿ ಹೇಳ್ಬೇಕು ಬಾಯೆ. ಒಬ್ಬನೇ ಹೇಳಿದ್ರೆ ನಾನೂ ಓಡಿಸ್ತೇನೆ.”

ಶನಿವಾರ ಮಧ್ಯಾಹ್ನ ಸರಿಯಾದ ಹೊತ್ತಿಗೆ ಫೋನ್ ಬಂತು. “ಒಲೆ ಆಫ್ ಮಾಡಿದೆ. ಸುರು ಮಾಡು.” ವಾಷಿಂಗ್ ಮೆಷಿನ್ ಗುಂಡಿ ಒತ್ತಿ ಬಂದು ದೇವರ ಪೀಠದ ಮುಂದೆ ಕುಳಿತೆ, ನಮ್ಮ ಮನೆಯಲ್ಲಿ ಅದು ಟಿವಿ ಸ್ಟ್ಯಾಂಡಿನ ಮೇಲಿದೆ. ಗಡಿಬಿಡಿ ಇಲ್ಲದೆ, ಊರಿನಲ್ಲಿ ಅತ್ತೆ ಹೇಳುತ್ತಿದ್ದ ಹದದಲ್ಲೇ ಹೇಳಿದೆ. ಆ ಕಡೆಯಿಂದ ಬಾಪ್ಪು ಒಂದೂ ತಪ್ಪದೆ ಒಪ್ಪಿಸಿದರು. ಐದೂ ಸುತ್ತು ಮುಗಿದವು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಒಬ್ಬ ಮನುಷ್ಯನ ಅನ್ನದ ಪ್ರಶ್ನೆ ಇರುವಾಗ ಐದಕ್ಕೇ ನಿಲ್ಲಿಸಲು ನನ್ನ ನಾಲಿಗೆ ಒಪ್ಪುತ್ತದೆಯೇ? ಬುಟ್ಟಿ ಎತ್ತುವ ಕೆಲಸ ಅವರದ್ದು, ಅವರು ಎತ್ತಿಕೊಳ್ಳುತ್ತಾರೆ. ನನ್ನ ಕೆಲಸ ನಾನು ಮಾಡೋಣ ಎಂದು ಮುಂದುವರಿಸಿದೆ. ಬಾಪ್ಪುವಿನ ಪೂರ್ತಿ ಹೆಸರು ಹೇಳಿ ವೀಸಾಕ್ಕೆ ಮೂರು ‘ನಮಾನ್ ಮರಿಯೆ’ ಜಪ. ಸಾಹೇಬನಿಗೆ ಒಳ್ಳೆಯ ಬುದ್ಧಿ ಬರಲೆಂದು ಸಂತ ಅಂತೋನಿಗೆ ಒಂದು. ಮಹಡಿ ಮೆಟ್ಟಿಲು ಹತ್ತಿ ನೋಯುವ ಬಾಪ್ಪುವಿನ ಮೊಣಕಾಲಿಗೆ ಒಂದು. ಆಮೇಲೆ ದೇವಮಾತೆಯ ಇಡೀ ಸ್ತುತಿಮಾಲೆ. ಕೊನೆಗೆ ಆಮೆನ್ ಎಂದಾಗ ಗಡಿಯಾರದಲ್ಲಿ ನಲವತ್ತೆರಡು ನಿಮಿಷ ಕಳೆದಿತ್ತು.

“ಮುಗೀತಾ ಬಾಯೆ?” ಬಾಪ್ಪುವಿನ ಸ್ವರ ಮೆಲ್ಲಗಿತ್ತು.

“ಮುಗೀತು. ಸಾಹೇಬ ಎಂತ ಹೇಳಿದ?”

“ಬುಟ್ಟಿ ಈಗ ಎತ್ಬೇಕಷ್ಟೆ.”

ದೇವಾ! ವೀಸಾಕ್ಕೆಂದು ಹೇಳಿದ ಪ್ರಾರ್ಥನೆಯಲ್ಲೇ ವೀಸಾ ನೆನೆದು ಹಾಳಾಯಿತೇ? ನಾನು ಏನಾದರೂ ಹೇಳುವಷ್ಟರಲ್ಲಿ ಫೋನ್ ಕಟ್ಟಾಗಿತ್ತು. ಎರಡು ಗಂಟೆ ನಾನು ಕೂತಲ್ಲಿ ಕೂರಲಿಲ್ಲ. ಗಂಡ ಸಮಾಧಾನಕ್ಕೆಂದು, “ಹೋಗ್ಲಿ ಬಿಡು, ನೀನು ಸ್ತುತಿಮಾಲೆಯನ್ನು ಎರಡು ಸಲ ಹೇಳಿಲ್ಲವಲ್ಲ” ಎಂದರು. ಇಂಥ ಸಮಾಧಾನ ಯಾರಿಗೆ ಬೇಕು!

ಮತ್ತೆ ಫೋನ್ ಬಂತು.

“ಒಂದು ವರ್ಷ.”

“ಎಂತ ಒಂದು ವರ್ಷ?”

“ವೀಸಾ ಮಾರಾಯ್ತಿ! ಸಾಹೇಬ ನಾಲ್ಕು ತಿಂದ. ಮುಖ ಕ್ರಾಫಿಶ್‌ಗಿಂತ ಕೆಂಪಾಯ್ತು. ಒಂದು ಜಗ್ ಲಬಾನ್ ಮಜ್ಜಿಗೆ ಕುಡಿದ. ಇದು ಊಟ ಅಲ್ಲ ಶಿಕ್ಷೆ ಅಂದ. ಆದ್ರೆ ನಮ್ಮ ಆಂಧ್ರದವರು, ಬಾಂಗ್ಲಾದವರು ಬಿಡ್ತಾರಾ? ತಲೆಯನ್ನೂ ಚೀಪಿ ಮೇಜು ಖಾಲಿ ಮಾಡಿದ್ರು. ಸಾಹೇಬ ಖಾಲಿ ಮೇಜನ್ನೇ ನೋಡ್ತಾ ನಿಂತ. ಎರಡು ಕೊಡುದಿಲ್ಲ, ಒಂದು ಕೊಡ್ತೇನೆ, ಬರೋ ವರ್ಷ ಸರಿಯಾಗಿ ಮಾಡು ಅಂದ.”

ಕೇಳಿದ್ದು ಎರಡು, ಸಿಕ್ಕಿದ್ದು ಒಂದು. ಸಿಕ್ಕಿತಲ್ಲ! ಶಿಲುಬೆಯ ಗುರುತು ಮಾಡಿಕೊಂಡೆ. ಜೀವ ತಣ್ಣಗಾದ ಮೇಲೆ ಸಿಟ್ಟು ಬಂತು.

“ಅಲ್ಲ ಬಾಪ್ಪು, ನಾನು ಹೇಳ್ತಾ ಹೋದ್ರೆ ಹೋಗ್ತೇನೆ, ನನ್ನ ಬಾಯಿ ನಿಮಗೆ ಗೊತ್ತುಂಟು. ಐದು ಮುಗಿದ ಕೂಡ್ಲೇ ಎತ್ಲಿಕ್ಕೆ ನಿಮಗೆ ಎಂತ ಆಗಿತ್ತು? ಇಪ್ಪತ್ತು ಅಂದ್ರೆ ಇಪ್ಪತ್ತು ಅಂತ ನಮ್ಮ ತಲೆ ತಿಂದದ್ದು ಯಾರು?”

ಆ ಕಡೆ ಪಾತ್ರೆಗಳ ಸದ್ದು ನಿಂತಿತು.

“ಎತ್ಲಿಕ್ಕೆ ಕೈ ಹಾಕಿದ್ದೆ ಬಾಯೆ. ಆಗ ನೀನು ನನ್ನ ಹೆಸರು ಹೇಳಿದೆ.”

ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.

“ಅಮ್ಮ ತೀರಿದ ಮೇಲೆ ನನಗೋಸ್ಕರ ಹೆಸರು ಹೇಳಿ ಕೇಳಿದವರು ಯಾರಿದ್ದಾರೆ? ಮುಗೀಲಿ ಅಂತ ನಿಂತೆ. ನೀನು ಮೊಣಕಾಲಿಗೂ ಕೇಳಿದಿ ನೋಡು... ಮತ್ತೆ ಕೈ ಬರ್ಲಿಲ್ಲ.”

“ಸರಿ ಸರಿ, ಹಂಡೆ ತಿಕ್ಲಿಕ್ಕುಂಟು” ಎಂದು ಅವರೇ ಫೋನ್ ಇಟ್ಟರು.

ಮೆಷಿನ್ ನಿಂತು ಎಷ್ಟು ಹೊತ್ತಾಗಿತ್ತೋ. ಮಕ್ಕಳ ಯೂನಿಫಾರ್ಮ್ ಒಳಗೇ ಮುದ್ದೆಯಾಗಿ ಕುಳಿತಿತ್ತು. ಬಕೆಟ್ಟಿಗೆ ತುಂಬಿಕೊಂಡು, ಒಂದೊಂದನ್ನೇ ಕೊಡವಿ ಒಣಹಾಕಲು ಬಾಲ್ಕನಿಗೆ ಹೋದೆ.