ಮುರುಕು ಹಲ್ಲಿನ ಹೆಂಡತಿ

ಮಲ್ಸುನ್ ಅಜ್ಜಿಯ ಮೇಲ್ಸಾಲಿನ ಎಡಗಡೆಯ ಮುಂದಿನ ಹಲ್ಲಿಗೆ ಐವತ್ತು ವರ್ಷದಿಂದ ಒಂದು ಮೂಲೆ ಇರಲಿಲ್ಲ. ಅಕ್ಕಿಕಾಳಿನಷ್ಟು ಚೂರು. ಅದಿಲ್ಲದೆಯೇ ಅಜ್ಜಿ ಮದುವೆಯಾಗಿ, ಮಗಳನ್ನು ಹೆತ್ತು, ಗಂಡನನ್ನು ಮಣ್ಣಿಗೆ ಕಳಿಸಿಕೊಟ್ಟು, ಸುವೋನ್ ಊರಿನ ಕೋಟೆಗೋಡೆಯ ಕೆಳಗಿನ ಓಣಿಯಲ್ಲಿ ಯಾರ ಹಂಗಿಗೂ ಬೀಳದೆ ಬದುಕಿದ್ದಳು. ಹಲ್ಲಿನ ಮಾತು ಎದ್ದದ್ದು ಓಣಿಯ ಮುದುಕಿಯರು ಹಗಲೆಲ್ಲ ಕೂಡುವ ‘ಹಿರಿಯರ ಮನೆ’ಗೆ ಒಂದು ಸುದ್ದಿ ಬಂದ ಮೇಲೆ. ಹೊಸ ವರ್ಷದ ಮೊದಲ ಹುಣ್ಣಿಮೆಯಂದು ಮಧ್ಯಾಹ್ನ ಫೋಟೋಗ್ರಾಫರ್ ಬಂದು ಎಲ್ಲರಿಗೂ ಪುಕ್ಕಟೆಯಾಗಿ ದೀರ್ಘಾಯುಷ್ಯದ ಫೋಟೋ ತೆಗೆಯುತ್ತಾನಂತೆ.

ದೀರ್ಘಾಯುಷ್ಯ ಎನ್ನುವುದು ಬಾಯಿಮಾತು. ಸತ್ತ ದಿನ ಹೂಗಳ ನಡುವೆ ಇಡುವ ಫೋಟೋ ಅದು. ಆಮೇಲೆ ವರ್ಷವರ್ಷವೂ ಎಡೆ ಇಡುವಾಗ ಮನೆಯವರು ಅದರ ಮುಂದೆಯೇ ಅಡ್ಡಬೀಳುತ್ತಾರೆ. ಬದುಕಿರುವಾಗಲೇ ತೆಗೆಸಿಟ್ಟರೆ ಆಯುಸ್ಸು ಹೆಚ್ಚುತ್ತದೆ ಎಂದು ಪುಸಲಾಯಿಸಿ ಮುದುಕಿಯರನ್ನು ಕ್ಯಾಮೆರಾದ ಮುಂದೆ ಕೂರಿಸುವುದು ರೂಢಿ.

ಮಗಳು ಮಿರಾನ್ ಫೋನಿನಲ್ಲೇ ಜಗಳಕ್ಕೆ ನಿಂತಳು. “ಅಮ್ಮಾ, ಆ ಫೋಟೋನ ಆಮೇಲೆ ಬದಲಾಯಿಸೋಕೆ ಆಗಲ್ಲ. ಮುರುಕು ಹಲ್ಲು ತೋರಿಸ್ಕೊಂಡು ಮೊಮ್ಮಕ್ಕಳ ಹತ್ರ ನಮಸ್ಕಾರ ಮಾಡಿಸ್ಕೋತೀಯಾ? ಹುಣ್ಣಿಮೆ ದಿನ ಬೆಳಿಗ್ಗೆನೇ ಡಾಕ್ಟರ್ ಹತ್ರ ಹೋಗ್ಬಾ. ನಾನು ಮಾತಾಡಿದೀನಿ.”

ಡಾಕ್ಟರ್ ಚೋ ಚಿಕ್ಕ ವಯಸ್ಸಿನವಳು, ಕೈ ಹಗುರ. ಹಲ್ಲಿನದೇ ಬಣ್ಣದ ಮೆತ್ತನೆಯ ಅಂಟನ್ನು ಮುರುಕಿಗೆ ಮೆತ್ತಿ, ಒಬ್ಬಟ್ಟಿನ ಅಂಚು ತಿದ್ದುವ ಹಾಗೆ ತಿದ್ದಿ, ನೀಲಿ ಬೆಳಕು ಹಾಯಿಸಿದಳು. ಅಂಟು ಕಲ್ಲಾಯಿತು. ಸೂಜಿಯಿಲ್ಲ, ನೋವಿಲ್ಲ. ಕನ್ನಡಿಯಲ್ಲಿ ನೋಡಿಕೊಂಡ ಅಜ್ಜಿಗೆ ಇಪ್ಪತ್ತರ ಹುಡುಗಿಯ ಬಾಯಿ ಎಪ್ಪತ್ತೈದರ ಮುಖದಲ್ಲಿ ಕಂಡಿತು.

“ಅಜ್ಜಿ, ಇವತ್ತು ಹಬ್ಬ ಅಂತ ಕಾಯಿಗೀಯಿ ಕಚ್ಚಬೇಡಿ,” ಎಂದಳು ಡಾಕ್ಟರ್. ಹೇಳಬೇಕಾದ ಮಾತೇ. ಆ ಹುಣ್ಣಿಮೆಯ ದಿನ ಅಕ್ರೋಟು, ಕಡಲೆಕಾಯಿಯಂಥ ಗಟ್ಟಿ ಕಾಯಿಯನ್ನು ಹಲ್ಲಿನಿಂದಲೇ ಒಡೆದು ತಿಂದರೆ ವರ್ಷವಿಡೀ ಮೈಗೆ ಕುರು ಏಳುವುದಿಲ್ಲ, ಹಲ್ಲು ಗಟ್ಟಿಯಾಗುತ್ತದೆ ಎಂದು ನಂಬಿದ ಜನ ಅದು.

ಫೋಟೋ ತೆಗೆಯುವ ತನಕ ಹೊಸ ಹಲ್ಲನ್ನು ಯಾರಿಗೂ ತೋರಿಸಬಾರದೆಂದು ಅಜ್ಜಿ ತುಟಿ ಬಿಗಿದುಕೊಂಡೇ ಹಿರಿಯರ ಮನೆಗೆ ಹೋದಳು. ಚಪ್ಪಲಿ ಬಿಡುವಷ್ಟರಲ್ಲೇ ಒಳಗಿನಿಂದ ಒಕ್ಬುನ್ ಕೂಗಿದಳು. “ಮಲ್ಸುನ್!”

“ಏನೇ?”

“ಬರೋ ಬೇಸಿಗೆಯ ನನ್ನ ಸೆಕೆ ಎಲ್ಲಾ ನೀನೇ ತಗೋ!”

ಆ ದಿನ ಹೆಸರು ಹಿಡಿದು ಕರೆದಾಗ ಓಗೊಟ್ಟವರ ತಲೆಗೆ ಕರೆದವರ ಸೆಕೆ ಬೀಳುತ್ತದೆ. ಸೆಕೆಯೇನೋ ಬಿತ್ತು, ಜೊತೆಗೆ ಬಾಯಿಯೂ ಬಿಟ್ಟಿತ್ತು. ಹಿರಿಯರ ಮನೆಯ ಯಜಮಾನಿಕೆಯನ್ನು ಯಾರೂ ಕೊಡದಿದ್ದರೂ ತಾನೇ ವಹಿಸಿಕೊಂಡಿದ್ದ ಒಕ್ಬುನ್ ಅಜ್ಜಿಯ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು.

“ನೋಡ್ರೇ ಇವಳ ಬಾಯಿ! ಮದುವಣಗಿತ್ತಿ ಆಗಿದಾಳೆ!”

ಎಲ್ಲರೂ ಬಂದು ಇಣುಕಿ ಹೊಗಳಿದರು. ಮೊಕ್ಪೊದವಳು ಮಾತ್ರ ಕೂತಲ್ಲಿಂದ ಏಳಲಿಲ್ಲ. ತವರೂರಿನ ಹೆಸರಿನಿಂದಲೇ ಎಲ್ಲರೂ ಕರೆಯುವ ಈ ಮುದುಕಿ ಒಂದು ಕಾಲಕ್ಕೆ ಮಲ್ಸುನ್ ಜೊತೆ ಒಂದೇ ಬಸ್ ಡಿಪೋದಲ್ಲಿ ದುಡಿದವಳು.

“ಚೆನ್ನಾಗಿದೆ,” ಎಂದಳು. “ಅಲ್ಲಿ ಮೇಲಿನ ಲೋಕದಲ್ಲಿ ನಿನ್ನ ಗಂಡ ಹದಿನೆಂಟು ವರ್ಷದಿಂದ ಮುರುಕು ಹಲ್ಲಿನ ಹೆಂಡತಿಗೆ ಕಾಯ್ತಾ ಕೂತಿದಾನೆ. ನೀನು ಹೀಗೆ ಹೋಗಿ ನಿಂತ್ಕೋ. ‘ಯಾರಮ್ಮ ನೀವು, ಬಸ್ಸು ತಪ್ಪಿತಾ?’ ಅಂತಾನೆ.”

ಎಲ್ಲರೂ ನಕ್ಕರು. ಮಲ್ಸುನ್ ನಗಲಿಲ್ಲ. ಅವಳ ನಾಲಿಗೆ ಹಲ್ಲಿನ ಹೊಸ ಮೂಲೆಯನ್ನು ತಡವುತ್ತಿತ್ತು.

ಆ ಹಲ್ಲು ಮುರಿದದ್ದೇ ಆ ಗಂಡ ತೆಸಿಕ್‌ನ ದೆಸೆಯಿಂದ. ಆಗ ಅವಳು ಬಸ್ಸಿನ ಕಂಡಕ್ಟರ್ ಹುಡುಗಿ, ಅವನು ಡ್ರೈವರ್. ನೀಲಿ ಟೋಪಿ ಹಾಕಿಕೊಂಡು, ಕೆಲಸಕ್ಕೆ ಹೊರಟ ಜನರನ್ನೆಲ್ಲ ಬೆನ್ನು ಕೊಟ್ಟು ಒಳಗೆ ತಳ್ಳಿ, ಬಾಗಿಲಿಗೆ ಜೋತು, ಬಸ್ಸಿನ ಮೈಗೆ ಅಂಗೈಯಿಂದ ಎರಡು ಬಡಿದು “ಓರಾಯ್!” ಎಂದು ಅವಳು ಕೂಗಿದರೆ ಬಸ್ಸು ಹೊರಡುತ್ತಿತ್ತು. ಇಂಥದೇ ಹುಣ್ಣಿಮೆಯ ಒಂದು ಬೆಳಿಗ್ಗೆ ಡಿಪೋದ ಕೆಂಡದ ಒಲೆಯ ಮುಂದೆ ಅವನು ಜೇಬಿನಿಂದ ಬೆಚ್ಚಗಿನ ಅಕ್ರೋಟು ತೆಗೆದುಕೊಟ್ಟ. ಇವಳು ಜಂಬಕ್ಕೆ ಒಂದೇ ಏಟಿಗೆ ಕಚ್ಚಿದಳು. ಅಕ್ರೋಟಿಗೆ ಏನೂ ಆಗಲಿಲ್ಲ. ತೆಸಿಕ್ ಮುರಿದ ಹಲ್ಲಿನ ಚೂರನ್ನು ಹುಡುಕುತ್ತ ಡಿಪೋದ ನೆಲದ ಮೇಲೆಲ್ಲ ಮಂಡಿಯೂರಿದ. ಸಿಗದಿದ್ದಾಗ, “ಇನ್ನು ಮೇಲೆ ನಿನ್ನ ಕಾಯಿ ಒಡೆದುಕೊಡೋ ಕೆಲಸ ನಂದು,” ಎಂದ. ಆ ಕಾಲದಲ್ಲಿ ಮದುವೆ ಕೇಳುವುದಕ್ಕೆ ಅಷ್ಟು ಮಾತು ಸಾಕಾಗಿತ್ತು. ಬದುಕಿರುವ ತನಕ ಪ್ರತಿ ವರ್ಷದ ಆ ಹುಣ್ಣಿಮೆಗೂ ಒಡೆದುಕೊಟ್ಟ. ಅವನು ಹೋದ ಮೇಲೆ ಅಜ್ಜಿ ಅಕ್ರೋಟು ಕೊಳ್ಳುವುದನ್ನೇ ಬಿಟ್ಟಳು. ಅವನಿಲ್ಲದ ಹುಣ್ಣಿಮೆ ಅವಳಿಗೆ ಬೇಕಿರಲಿಲ್ಲ.

ಅಜ್ಜಿ ಬಿಟ್ಟ ಚಪ್ಪಲಿ ಮತ್ತೆ ಮೆಟ್ಟಿ ಡಾಕ್ಟರ ಹತ್ತಿರ ಓಡಿದಳು. ಡಾಕ್ಟರ್ ಚೋ ಬೇರೊಬ್ಬರ ಬಾಯಲ್ಲಿ ಕೈಯಿಟ್ಟಿದ್ದಳು.

“ಡಾಕ್ಟ್ರೇ, ಮುರಿದುಕೊಡಿ.”

“ಏನನ್ನ?”

“ಬೆಳಿಗ್ಗೆ ಕಟ್ಟಿದ್ದನ್ನ. ಮೊದಲಿದ್ದ ಹಾಗೆ ಮಾಡ್ಕೊಡಿ.”

“ನೋಯ್ತಿದೆಯಾ ಅಜ್ಜಿ?”

“ಇಲ್ಲ. ತುಂಬಾ ಚೆನ್ನಾಗಿದೆ. ಅದೇ ತೊಂದರೆ.”

ಕುರ್ಚಿಯಲ್ಲಿ ಬಾಯಿ ಕಳೆದು ಮಲಗಿದ್ದವನು ಗೊಳ್ಳೆಂದು ನಕ್ಕು ಡಾಕ್ಟರ ಬೆರಳು ಕಚ್ಚಿದ. ಬೆರಳು ಒದರಿಕೊಳ್ಳುತ್ತ ಡಾಕ್ಟರ್ ಹೇಳಿದಳು: “ನಾಳೆ ಮಗಳನ್ನ ಕರ್ಕೊಂಡು ಬನ್ನಿ ಅಜ್ಜಿ. ಅವರನ್ನ ಕೇಳದೆ ತೆಗೆದ್ರೆ ಬೈತಾರೆ.”

“ಮಗಳು ಈ ಕಡೆಯವಳು. ನನ್ನ ಗುರುತು ಹಿಡೀಬೇಕಾದವರು ಆ ಕಡೆ ಇದಾರೆ. ಫೋಟೋ ಇವತ್ತೇ!”

ಡಾಕ್ಟರ್ ಒಪ್ಪಲಿಲ್ಲ. ಅಜ್ಜಿ ಅಳುಮುಖ ಮಾಡಿಕೊಂಡು ಹಿರಿಯರ ಮನೆಗೆ ವಾಪಸಾದಾಗ ಫೋಟೋಗ್ರಾಫರ್ ಆಗಲೇ ಬಂದು ಗೋಡೆಗೆ ಬೂದು ಬಟ್ಟೆ ಕಟ್ಟುತ್ತಿದ್ದ. ಒಕ್ಬುನ್ ವಿಷಯ ಕೇಳಿ ಸೊಂಟಕ್ಕೆ ಕೈಯಿಟ್ಟಳು.

“ಕಾಯಿ ಕಚ್ಚಬೇಡ ಅಂದ್ಲಾ? ಹಾಗಾದ್ರೆ ಮದ್ದು ಅದೇ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ನಿನಗೆ ಎರಡೂ ಇದೆ, ಕಚ್ಚೇ!”

ಮುದುಕಿಯರು ಸುತ್ತ ಕೂತು ಹಬ್ಬದ ಕಾಯಿಗಳ ಬುಟ್ಟಿ ಮುಂದೆ ತಳ್ಳಿದರು. ಕಡಲೆಕಾಯಿ ಪುಡಿಯಾಯಿತು, ಹಲ್ಲು ಜಗ್ಗಲಿಲ್ಲ. ಎಡಕ್ಕೆ ಹಿಡಿ ಎಂದಳು ಒಬ್ಬಳು, ಗಟ್ಟಿಯಾಗಿ ಕಣ್ಣು ಮುಚ್ಚಿಕೋ ಎಂದಳು ಇನ್ನೊಬ್ಬಳು. ಕೊನೆಗೆ ಒಕ್ಬುನ್ ಬುಟ್ಟಿಯ ತಳದಿಂದ ಕಲ್ಲಿನಂಥ ಅಕ್ರೋಟೊಂದನ್ನು ಹೆಕ್ಕಿಕೊಟ್ಟಳು. ತೆಸಿಕ್‌ನನ್ನು ನೆನೆದು ಅಜ್ಜಿ ಕಚ್ಚಿದಳು.

ಟಕ್!

“ಮುರೀತು!” ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜಿ ಅಂಗೈಗೆ ಉಗುಳಿದಾಗ ಬಿಳಿಯ ಚೂರೊಂದು ಬಿತ್ತು. ಮೊಕ್ಪೊದವಳು ಕನ್ನಡಕ ಏರಿಸಿ ಬಾಯೊಳಗೆ ನೋಡಿದಳು.

“ಅಯ್ಯೋ ನಿನ್ನ! ಇದು ಆ ಹಲ್ಲಲ್ಲ ಕಣೇ. ಪಕ್ಕದ್ದು.”

ಡಾಕ್ಟರು ಕಟ್ಟಿದ್ದು ಕೂದಲೆಳೆಯಷ್ಟೂ ಅಲುಗದೆ ನಿಂತಿತ್ತು. ಬಲಗಡೆಯ ಗಟ್ಟಿ ಹಲ್ಲು, ಹುಟ್ಟಿದಾಗಿನಿಂದ ಒಂದು ದೂರು ಹೇಳದ ಹಲ್ಲು, ಮೂಲೆ ಕಳೆದುಕೊಂಡಿತ್ತು. ಅಜ್ಜಿ ನೆಲಕ್ಕೆ ಕುಸಿದು ಅತ್ತೇಬಿಟ್ಟಳು. “ಈಗ ಅವರು ನನ್ನ ಹೇಗೆ ಗುರುತು ಹಿಡೀತಾರೆ? ಎಡಕ್ಕಿದ್ದದ್ದು ಬಲಕ್ಕೆ ಬಂತಲ್ಲ!”

ಬೆಂಕಿ ಹಚ್ಚಿದವಳು ಮೊಕ್ಪೊದವಳು. ನೀರು ಹೊಯ್ಯುವ ಕೆಲಸವೂ ಅವಳದೇ ಆಯಿತು. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ಹೇಳಿದಳು: “ಅಳಬೇಡ ಸುಮ್ನಿರು. ತೆಸಿಕ್ ಡ್ರೈವರ್ ತಾನೆ? ಮುಂದೆ ಕೂತ್ಕೊಂಡು ನಿನ್ನನ್ನ ನೋಡಿದ್ದೆಲ್ಲ ತಲೆ ಮೇಲಿನ ಕನ್ನಡೀಲಿ. ಕನ್ನಡೀಲಿ ಎಡ ಅಂದ್ರೆ ಬಲ. ಅವನಿಗೆ ನೆನಪಿರೋ ಮುರುಕು ಇದೇ ಕಡೆದು.”

ಅಜ್ಜಿ ಬೆರಳು ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿಸಿ ಲೆಕ್ಕ ಹಾಕಿದಳು. ಲೆಕ್ಕ ಸರಿಹೋಯಿತು. ಮುಖ ತೊಳೆದು, ಕೂದಲು ಬಾಚಿ, ಗುಲಾಬಿ ಬಣ್ಣದ ಹಬ್ಬದ ಮೇಲಂಗಿ ಹಾಕಿಕೊಂಡು ಬೂದು ಬಟ್ಟೆಯ ಮುಂದೆ ಕೂತಳು.

“ಅಜ್ಜಿ, ನಗಿ,” ಎಂದ ಫೋಟೋಗ್ರಾಫರ್.

ಅಜ್ಜಿ ನಕ್ಕಳು. ನಕ್ಕ ಕೂಡಲೆ ಬಲಗೈ ತಾನಾಗಿಯೇ ಮೇಲೆದ್ದು ಬಾಯಿಗೆ ಅಡ್ಡ ಬಂತು.

“ಕೈ ಕೆಳಗೆ, ಅಜ್ಜಿ.”

ಕೈ ಕೆಳಗಿಳಿದರೆ ನಗು ಇಳಿಯಿತು. ನಗು ಬಂದರೆ ಕೈ ಬಂತು. ಕೈಯ ಮೇಲೆ ಕೂತುಕೋ ಎಂದರು. ಕೂತಳು. ಫೋಟೋಗ್ರಾಫರ್ ಹುಂಜದ ಹಾಗೆ ಕೂಗಿ ನಗಿಸಿದ, ಕೈ ಕಿತ್ತುಕೊಂಡು ಬಂತು. ಒಕ್ಬುನ್ ಮತ್ತು ಮೊಕ್ಪೊದವಳು ಆಚೀಚೆ ಕೂತು ಎರಡು ಕೈ ಹಿಡಿದರೆ, ಸಾವಿನ ಫೋಟೋದಲ್ಲಿ ಮೂವರು ಬಂದರು.

ಕೊನೆಗೆ ಸೋತ ಫೋಟೋಗ್ರಾಫರ್ ಕ್ಯಾಮೆರಾ ತಿರುಗಿಸಿ ತೋರಿಸಿದ. “ಕೈ ಇಲ್ಲದ್ದು ಒಂದಿದೆ. ಅದರಲ್ಲಿ ಪೊಲೀಸರು ಹುಡುಕ್ತಾ ಇರೋರ ಥರ ಇದೀರಿ. ಉಳಿದಿದ್ದರಲ್ಲೆಲ್ಲ ಕೈ. ಯಾವುದು ಬೇಕು?”

ಅಜ್ಜಿ ನೋಡಿದಳು. ಸುಕ್ಕುಗಟ್ಟಿದ ಕೈಯೊಂದು ಬಾಯಿ ಮುಚ್ಚಿದೆ. ಅದರ ಮೇಲೆ ಎರಡು ಕಣ್ಣು ನಗುತ್ತಿವೆ. ಡಾಕ್ಟರು ಕಟ್ಟಿದ ಹಲ್ಲೂ ಇಲ್ಲ, ಅಕ್ರೋಟು ಮುರಿದ ಹಲ್ಲೂ ಇಲ್ಲ.

“ಇದು ಡಿಪೋದ ಮಲ್ಸುನ್ನೇ,” ಎಂದಳು ಮೊಕ್ಪೊದವಳು. “ಹಲ್ಲು ಮುರಿದ ದಿನದಿಂದ ನೀನು ಕೈ ಅಡ್ಡ ಇಡದೆ ನಕ್ಕಿದ್ದು ಯಾರು ನೋಡಿದಾರೆ? ಆ ಕೈ ಮೇಲೇಳೋದನ್ನ ಕನ್ನಡೀಲಿ ನೋಡೋಕೆ ಅಂತಲೇ ತೆಸಿಕ್ ಪ್ರಯಾಣಿಕರನ್ನೆಲ್ಲ ಛೇಡಿಸ್ತಿದ್ದ. ನಿನ್ನನ್ನ ನಗಿಸೋಕೆ. ಈ ಕೈ ನೋಡಿದ್ರೆ ಸಾಕು, ಎಷ್ಟು ಜನದ ನಡುವೆ ಇದ್ರೂ ಬಸ್ಸು ನಿಲ್ಲಿಸ್ತಾನೆ.”

ಅಜ್ಜಿ ಬಹಳ ಹೊತ್ತು ಆ ಫೋಟೋ ನೋಡಿ, ಇದೇ ಇರಲಿ ಎಂದಳು. ತೆಸಿಕ್ ಅಷ್ಟು ಹತ್ತಿರ ಬಂದದ್ದು ಹದಿನೆಂಟು ವರ್ಷದಲ್ಲಿ ಅದೇ ಮೊದಲು. ಆಮೇಲೆ ನಾಲಿಗೆ ಮುರಿದ ಹಲ್ಲಿನ ಮೊನೆಗೆ ತಗುಲಿ, ಚುಳ್ ಎಂದಿತು.

“ಅಲ್ಲ ಕಣೇ,” ಎಂದಳು ಮೊಕ್ಪೊದವಳ ಕಡೆ ತಿರುಗಿ, “ಇದನ್ನ ನೀನು ಬೆಳಿಗ್ಗೆನೇ ಹೇಳಿದ್ರೆ ಇರೋ ಹಲ್ಲಾದ್ರೂ ಉಳೀತಿತ್ತಲ್ಲ?”