ಹೊರಗೆ ಚಿಲಕವಿದ್ದ ಕಿಟಕಿ

"ಮಂದಿ ಮನಿ ಕಿಡಕ್ಯಾಗ ಹಣಿಕಿ ಹಾಕಿದರ ಕಣ್ಣಾಗ ಗುಳ್ಳಿ ಏಳತಾವ" ಎಂದು ಆಯಿ, ಅಂದರೆ ನನ್ನ ತಾಯಿಯ ತಾಯಿ, ಬಾಲ್ಯದಲ್ಲಿ ಹೆದರಿಸುತ್ತಿದ್ದಳು. ಕನ್ನಡ ಎಂ.ಎ. ಮುಗಿಸಿದ ವರ್ಷ ಕ್ಯಾಮೆರಾ ಹಿಡಿದು ಊರೂರಿನ ಕಿಟಕಿಗಳೆದುರು ನಿಂತೆ. ಗುಳ್ಳೆ ಒಂದೂ ಏಳಲಿಲ್ಲ. ಹಾಗಾದರೆ ಆಯಿಯ ಮಾತು ಸುಳ್ಳೇ?

ಇದಕ್ಕೆಲ್ಲ ಕಾರಣ ಜಮಖಂಡಿಯ ನನ್ನ ಮಾವನ ಮಗ. ಮಕ್ಕಳ ಕಾರ್ಟೂನ್ ಚಿತ್ರವೊಂದಕ್ಕೆ ಅವನು ಕಂಪ್ಯೂಟರಿನಲ್ಲಿ ನದಿ ದಂಡೆಯ ಹಳ್ಳಿಯೊಂದನ್ನು ಬಿಡಿಸುತ್ತಿದ್ದ. ಗೋಡೆಗಳೇನೋ ನಮ್ಮವೇ, ಅಂಟಿಸಿದ್ದ ಕಿಟಕಿಗಳು ಮಾತ್ರ ಹಿಮ ಬೀಳುವ ದೇಶದವು! ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ನಮ್ಮ ಊರಿನ ಒಂದು ಫೋಟೋವೂ ನಮ್ಮಲ್ಲಿ ಉಳಿದಿಲ್ಲ. ನಮ್ಮ ಕಡೆಯ ಕಿಟಕಿಗಳನ್ನೇ ಹಾಕಿ ಈ ಚಿತ್ರದಲ್ಲಾದರೂ ಅದು ಉಳಿಯಲೇಬೇಕೆಂದು ನಾನು ಹಟ ಹಿಡಿದೆ.

"ಹಂಗಾರ ನೀನೇ ಫೋಟೋ ತಗೊಂಡ್ ಬಾ," ಎಂದ. "ಎದುರಿಗೆ ನೆಟ್ಟಗ ನಿಂತು ತಗಿ. ಬಿಸಿಲು ಬಿದ್ದಿರಬಾರದು. ನೆರಳು ನಾ ಆಮ್ಯಾಲ ಬಿಡಸ್ತೇನಿ."

ಮಂದಿಯ ಮನೆಯೆದುರು ಮೋಡ ಕಾಯುತ್ತ ನಿಲ್ಲುವವರಿಗೆ ಮುಂದೆ ಹೇಳುವಂಥವು ಆಗುತ್ತಲೇ ಇರುತ್ತವೆ.

ನೆಟ್ಟಗೆ ನಿಂತದ್ದು

ಮುಧೋಳದಲ್ಲಿ ಮನೆಯೊಡೆಯರು ಹೊರಬಂದು ಕೇಳಿದರು: "ಯಾಕ್ ನಿಂತೀ ತಂಗಿ?"

"ಮೋಡ ಬರಲಿ ಅಂತ ರೀ."

ಸುಡುಬಿಸಿಲಿನ ಆಕಾಶವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಭಾಳ ಓದೀಯೇನು?"

ಕಿಟಕಿಯ ಫೋಟೋ ಬೇಕೆಂದೆ. "ಇಷ್ಟ್ ಛಲೋ ನಾಯಿ ಇರೂಮುಂದ ಕಿಡಕೀದು ಯಾರರ ತಗೀತಾರೇನು?" ಎಂದು ತಮ್ಮ ಬೇಟೆನಾಯಿಯ ಮೈ ಒರೆಸಿ, ಕಿಟಕಿಯ ಕೆಳಗೆ ತಂದು ನಿಲ್ಲಿಸಿಯೇಬಿಟ್ಟರು.

ಫೋಟೋ ನೋಡಿ ಮಾವನ ಮಗ ತೀರ್ಪು ಕೊಟ್ಟ: "ಕಿಡಕಿ ಸೊಟ್ಟ ಬಂದೈತಿ. ನಾಯಿ ನೆಟ್ಟಗ ನಿಂತೈತಿ."

ಸೀರೆಯುಟ್ಟ ಕಿಟಕಿಗಳು

ರಬಕವಿಯ ನೇಕಾರರ ಓಣಿಯಲ್ಲಿ ನನಗೆ ಬೇಕಾದಂಥದೇ ಸಿಕ್ಕಿತು: ಮಗ್ಗದ ಪಕ್ಕದ, ಹತ್ತಿಯ ಧೂಳು ಕುಳಿತ ಹಳೆಯ ಕಿಟಕಿ. ಆದರೆ ಮನೆಯ ಹಿರಿಯಾಕೆ ಒಪ್ಪಲಿಲ್ಲ. "ಬೋಳ ಕಿಡಕಿ ಫೋಟೋ ತಗದು ನಮ್ಮ ಮರ್ಯಾದಿ ಕಳೀತಿಯೇನವಾ?" ಎಂದು ಅಂದೇ ಮಗ್ಗದಿಂದಿಳಿದ ಸೀರೆಯನ್ನು ಕಿಟಕಿಯ ತುಂಬ ಹರವಿದಳು. ಅದನ್ನು ಕಂಡು ಎದುರು ಮನೆಯಾಕೆ ಸುಮ್ಮನಿರುತ್ತಾಳೆಯೇ? ಮಧ್ಯಾಹ್ನದ ಹೊತ್ತಿಗೆ ಓಣಿಗೆ ಓಣಿಯೇ ಸೀರೆಯುಟ್ಟು ನಿಂತಿತ್ತು.

"ಕಿಡಕಿನೇ ಕಾಣವಲ್ದಲ್ಲ ಯವ್ವಾ!" ಎಂದು ಗೋಗರೆದೆ.

"ಎಲ್ಲಿ ಓಡಿ ಹೋಕ್ಕೈತಿ? ಅಲ್ಲೇ ಹಿಂದ ಐತಿ. ತಗಿ ನೀ."

ಮತ್ತೆ ಮುಳುಗುವುದೇ?

ಬೀಳಗಿ ಕಡೆ, ಮುಳುಗಡೆಯಾದ ಊರಿನವರ ಪುನರ್ವಸತಿ ಕೇಂದ್ರವೊಂದರಲ್ಲಿ ಕ್ಯಾಮೆರಾ ಎತ್ತಿದ್ದೇ ತಡ, ಕಟ್ಟೆಯ ಮೇಲಿನ ಅಜ್ಜ ಎದ್ದು ನಿಂತ.

"ಇದೂ ಮುಳುಗತೈತೇನ್ ತಂಗಿ?"

"ಇಲ್ಲಜ್ಜಾ, ಚಿತ್ರಾ ಬಿಡಸಾಕ."

"ಹಿಂದಕ ಬಂದಾವ್ರೂ ಬರೇ ನೋಡಾಕ ಬಂದೇವಿ ಅಂದಿದ್ರು."

ಮಂದಿ ಕೂಡಿದರು. ಪರಿಹಾರದ ಲೆಕ್ಕದಲ್ಲಿ ಬಿಟ್ಟುಹೋಗದಿರಲೆಂದು ಹಿತ್ತಲ ಕಿಟಕಿ, ಬಚ್ಚಲ ಕಿಟಕಿ ಎಲ್ಲವನ್ನೂ ಕೈ ಹಿಡಿದು ತೋರಿಸಿದರು. ಕೊನೆಗೆ ಒಬ್ಬಾತ ಬರಿಯ ಗೋಡೆಯೊಂದರ ಮುಂದೆ ನನ್ನನ್ನು ನಿಲ್ಲಿಸಿದ.

"ಇದನ್ನೂ ಬರಕೋರಿ. ಮುಂದ ಇಲ್ಲೊಂದು ಕಿಡಕಿ ಇಡಾವ ಅದೇನಿ."

ಚಿಲಕ

ಕೊನೆಯ ಕಿಟಕಿ ಆಯಿಯದೇ. ಊರು ಬಿಡುವಾಗ ಹಳೆಯ ಮನೆಯಿಂದ ಕಿತ್ತು, ಚಕ್ಕಡಿಯಲ್ಲಿ ಹೇರಿ ತಂದದ್ದು. ಹೊಸ ಮನೆಯಲ್ಲಿ ಗೋಡೆ ಕಟ್ಟುವ ಗೌಂಡಿ ಅದನ್ನು ಹಿಂದು ಮುಂದಾಗಿ ಕೂರಿಸಿದ. ಚಿಲಕ ಬೀದಿಯ ಪಾಲಾಯಿತು. ಮತ್ತೆ ಕೀಳಲು ಆಯಿ ಬಿಡಲಿಲ್ಲ: "ಒಂದ್ ಸಲ ಕಿತ್ತದ್ದು ಸಾಕು."

ಅದು ಚಿತ್ರದ ನಡುಮನೆಯನ್ನು ಸೇರಿತು. ಆದರೆ ಚಿತ್ರ ಮಾಡಿಸುವವರು ತಿರುಗಿ ಕಳಿಸಿದರು: ಚಿಲಕ ಹೊರಗಿದೆ, ಇಂಥ ಕಿಟಕಿ ಲೋಕದಲ್ಲಿಲ್ಲ, ತಿದ್ದಿ.

ಆಯಿಯ ಮನೆಯಲ್ಲಿ ಎಲ್ಲರೂ ಊಟಕ್ಕೆ ಕುಳಿತಾಗ ಮಾವನ ಮಗ ಹೇಳಿದ: "ಅಳಿಸಿಬಿಡ್ತೇನಿ. ಎರಡ್ ನಿಮಿಷದ ಕೆಲಸ."

"ಅಳಸಪಾ, ಒಂದ್ ಚಿಲಕದಾಗ ಏನೈತಿ?" ಎಂದರು ಮಾವ.

ಅಷ್ಟರಲ್ಲಿ ಹೊರಗಿನಿಂದ ಚಿಲಕ ಸರಿಯಿತು. ಕಿಟಕಿ ತೆರೆದು, ಸರಳುಗಳ ನಡುವೆ ಬಟ್ಟಲು ಚಾಚಿ, ನೆರೆಮನೆಯಾಕೆ ಕೇಳಿದಳು: "ಹೆಪ್ಪ ಐತೇನ್‌ಬೇ?"

ಆಯಿ ಮೊಸರು ಹಾಕಿದಳು. ಆಕೆ ನಮ್ಮ ತಾಟುಗಳನ್ನೆಲ್ಲ ನಿಧಾನವಾಗಿ ನೋಡಿ, "ಬದನಿಕಾಯಿಗೆ ಉಪ್ಪ ಕಡಿಮಿ ಆದಂಗ ಕಾಣತೈತಿ" ಎಂದು, ಎಂದಿನಂತೆ ನಮ್ಮನ್ನು ಒಳಗಿಟ್ಟು ಚಿಲಕ ಹಾಕಿಕೊಂಡು ಹೋದಳು.

"ಆಯಿ, ಮತ್ತ ಹಣಿಕಿ ಹಾಕಿದರ ಗುಳ್ಳಿ ಏಳತಾವ ಅಂತಿದ್ದಿ?" ಎಂದೆ.

"ಆ ಮಾತು ಹಳೇ ಊರಾಗ ಮುಳುಗೇತಿ. ಕಿಡಕಿ ಅಷ್ಟ ತಂದೇವಿ."

ನಾನು ಕೈ ತೊಳೆದು ಎದ್ದು ನಿಂತೆ.

"ಎಲ್ಲಾರೂ ಕೇಳ್ರಿ. ಈ ಕಿಡಕಿ ಚಿಲಕದ ಸಮೇತ ಹಿಂಗೇ ಚಿತ್ರದಾಗ ಇರತೈತಿ. ಅಳಿಸಿದರ, ನಾ ತಗದ ಒಂದ್ ಫೋಟೋನೂ ಚಿತ್ರದಾಗ ಹಾಕಾಕ ಕೊಡಂಗಿಲ್ಲ. ನಾಯೀದೂ ಕೊಡಂಗಿಲ್ಲ."